ಮೇಸ್ತ್ರಿಯ ಮಗಳ ಒಂಬತ್ತು ವರ್ಷ

ಡೆಸರ್ಟ್ ಬ್ಲೂಮ್ ಟ್ರೇಲರ್ ಕಾಲನಿ, ಅರಿಜೋನಾ
1987 ಮಾರ್ಚ್ 3

ವರ್ನಾ,

ನಿನ್ನ ಕಾಗದ ಬಂತು. ವರ್ಮಾಂಟಲ್ಲಿ ಇನ್ನೂ ಸೊಂಟದ ತನಕ ಹಿಮ ಇದೆ ಅಂತ ಬರೆದಿದೀಯ. ನಾನಿಲ್ಲಿ ಬನಿಯನ್ ಹಾಕ್ಕೊಂಡು ಟ್ರೇಲರ್ ಹೊರಗೆ ಕೂತು ಬರೀತಿದೀನಿ. ಮೊಣಕಾಲು ನೋವು ಮುಕ್ಕಾಲು ಪಾಲು ಹೋಗಿದೆ. ಉಳಿದ ಕಾಲು ಪಾಲು ಐವತ್ತು ವರ್ಷ ಇಟ್ಟಿಗೆ ಕಟ್ಟಿದ್ದರ ಗುರುತು, ಅದು ಇರ್ಲಿ.

ನನಗೊಂದು ಕೆಲಸ ಸಿಕ್ಕಿದೆ. ಇಲ್ಲಿ ಸಿಮೆಂಟ್ ನೆಲದ ಮೇಲೆ ಉದ್ದ ಕೋಲಿಂದ ಬಿಲ್ಲೆ ತಳ್ಳೋ ಆಟ ಆಡ್ತಾರೆ. ಹೋದ ವಾರ ಒಬ್ಬ ಮುದುಕ ಬಿಸಿಲಿಗೆ ತಲೆ ಸುತ್ತಿ ಬಿದ್ದ. ನೀರು ಚಿಮುಕಿಸಿ ಎಬ್ಬಿಸಿದರೆ ಮೊದಲು ಕೇಳಿದ್ದು ತನ್ನ ಬಿಲ್ಲೆ ಎಲ್ಲಿ ನಿಂತಿದೆ ಅಂತ. ಅದಕ್ಕೆ ನಾನೇ ಒಂದು ನೆರಳು ಕಟ್ಟಿಕೊಡ್ತೀನಿ ಅಂದೆ. ನಾಲ್ಕು ಕಂಬ, ಮೇಲೊಂದು ಚಾವಣಿ. ಪಕ್ಕದ ಟ್ರೇಲರಲ್ಲಿ ಮಿಸೆಸ್ ಕ್ವಿಸ್ಟ್ ಅಂತ ಇದಾರೆ, ಗಂಡ ತೀರಿಕೊಂಡೋರು. ಅವರ ಹತ್ರ ಒಳ್ಳೇ ಏಣಿ ಇದೆ.

ಹ್ಯಾವರ್ಟಿ ಅಂತ ಇನ್ನೊಬ್ಬ ಇದಾನೆ. ಇನ್ಶೂರೆನ್ಸ್ ಕಂಪನಿಯಿಂದ ರಿಟೈರ್ ಆದೋನು. ನಕ್ಷೆ ಯಾರು ಬರೀತಾರೆ ಅಂತ ಕೇಳಿದ. ನಾಲ್ಕು ಕಂಬಕ್ಕೆ ನಕ್ಷೆ ಬೇಕು ಅನ್ನೋನು ಚಡ್ಡಿ ಹಾಕ್ಕೊಳ್ಳೋಕೂ ನಕ್ಷೆ ಕೇಳ್ತಾನೆ ಅಂದೆ. ಸುತ್ತ ಇದ್ದೋರೆಲ್ಲ ನಕ್ಕರು, ಅವನು ನಗಲಿಲ್ಲ.

ನೀನಿನ್ನೂ ಆ ಸ್ಟ್ರಾಟನ್ ಆಫೀಸಲ್ಲಿ ಟೈಪ್ ಮಾಡ್ತಾನೇ ಇದೀಯ. ನಾನೇನೂ ಅನ್ನಲ್ಲ. ಆದರೆ ಆರ್ಕಿಟೆಕ್ಟ್ ಜಾತಿ ನನಗೆ ಗೊತ್ತು. ಐವತ್ತೊಂದರಲ್ಲಿ ಸ್ಕೂಲು ಕಟ್ಟೋವಾಗ ಒಬ್ಬ ಪುಣ್ಯಾತ್ಮ ಚಿಮಣೀನ ಬಾಗಿಲ ಮಧ್ಯಕ್ಕೆ ಆರಿಂಚು ಚಾಚಿ ಬರೆದಿದ್ದ. ತಪ್ಪಿದೆ ಅಂದರೆ ಬರೆದ ಹಾಗೆ ಕಟ್ಟು ಅಂದ. ಕಟ್ಟಿದೆ. ಊರೋರು ಬೈದಿದ್ದು ಅವನನ್ನಲ್ಲ, ನನ್ನನ್ನ. ಆ ಜನದ ಜೊತೆ ತುಂಬಾ ದಿನ ಇದ್ದರೆ ನೀನೂ ಬೆರಳ ಮಧ್ಯೆ ಪೆನ್ಸಿಲ್ ತಿರುಗಿಸೋಕೆ ಶುರು ಮಾಡ್ತೀಯ. ಹುಷಾರು.

ಅಪ್ಪ

*

ಕ್ಯಾಲ್ಡರ್ ಫಾಲ್ಸ್, ವರ್ಮಾಂಟ್
1987 ಮಾರ್ಚ್ 21

ಅಪ್ಪ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಅಷ್ಟು ಖಾತ್ರಿ ಇರುವುದರಿಂದ ನಿಜ ಬರೆಯಬಹುದು.

ನಾನು ಬೆರಳ ಮಧ್ಯೆ ಪೆನ್ಸಿಲ್ ತಿರುಗಿಸಲು ಶುರು ಮಾಡಿ ಒಂಬತ್ತು ವರ್ಷವಾಯಿತು.

ಎಪ್ಪತ್ತೆಂಟರಲ್ಲಿ ನಾನು ಒಬ್ಬ ಹಲ್ಲಿನ ಡಾಕ್ಟರ ಕಟ್ಟಡದ ವಿವರಪಟ್ಟಿ ಟೈಪ್ ಮಾಡುತ್ತಿದ್ದೆ. ಇಟ್ಟಿಗೆ ಎಷ್ಟು, ಯಾವುದು, ಎಲ್ಲಿ ಎಂಬ ಪಟ್ಟಿ. ಪಕ್ಕದಲ್ಲಿ ನಕ್ಷೆ ಬಿಚ್ಚಿಟ್ಟಿತ್ತು. ಸ್ಟ್ರಾಟನ್ ಅವರ ಕೋಣೆಗೆ ಹೋಗಿ, "ಈ ಚಿಮಣಿ ಬರೆದ ಹಾಗೆ ಮೇಲೆ ಹೋದರೆ ಡಾಕ್ಟರ ಕುರ್ಚಿಯಲ್ಲಿ ಕೂತವರ ತೊಡೆ ಮೇಲೆ ಹಾದುಹೋಗುತ್ತೆ" ಎಂದೆ. ಅವರು ಹತ್ತು ನಿಮಿಷ ನಕ್ಷೆ ನೋಡಿದರು. ಮರುದಿನ ತಮ್ಮ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿಸಿದರು. "ಟೈಪ್ ಮಾಡೋರು ಬೇರೆ ಯಾರಾದ್ರೂ ಸಿಗ್ತಾರೆ. ನಿನಗೆ ಇಟ್ಟಿಗೆ ಗೊತ್ತು. ಅದನ್ನ ಕಾಲೇಜಿಂದ ಬಂದ ಒಬ್ಬನಿಗೂ ನನಗೆ ಕಲಿಸೋಕಾಗಲಿಲ್ಲ" ಎಂದರು. ನನಗೆ ಇಟ್ಟಿಗೆ ಕಲಿಸಿದ್ದು ಯಾರು ಎಂದು ಅವರು ಕೇಳಲಿಲ್ಲ. ನಾನು ಹತ್ತು ವರ್ಷದವಳಿದ್ದಾಗ ನೀನು ಗಾರೆ ಬಾಂಡಲಿ ಹಿಡಿಸಿದ್ದನ್ನು ನಾನು ಹೇಳಲಿಲ್ಲ.

ನಮ್ಮ ರಾಜ್ಯದ ಕಾನೂನು ಹೀಗಿದೆ. ಕಾಲೇಜಲ್ಲಿ ಓದಿ ಬಂದವರು ಮೂರು ವರ್ಷ ಒಬ್ಬ ಆರ್ಕಿಟೆಕ್ಟ್ ಕೈಕೆಳಗೆ ದುಡಿದರೆ ಸಾಕು, ಪರೀಕ್ಷೆಗೆ ಕೂರಬಹುದು. ಓದದವರು ಒಂಬತ್ತು ವರ್ಷ ದುಡಿಯಬೇಕು. ನನ್ನ ಒಂಬತ್ತು ವರ್ಷ ಈ ತಿಂಗಳು ಮುಗಿಯಿತು. ಸ್ಟ್ರಾಟನ್ ಸಹಿ ಹಾಕಿದರು. ಜೂನ್‌ನಲ್ಲಿ ಬರ್ಲಿಂಗ್ಟನ್‌ನಲ್ಲಿ ಪರೀಕ್ಷೆ. ಕೊನೆಯದು ಹನ್ನೆರಡು ಗಂಟೆಯ ಪತ್ರಿಕೆ. ಬೆಳಗ್ಗೆ ಒಂದು ಕಟ್ಟಡ ಕೇಳುತ್ತಾರೆ, ರಾತ್ರಿಯೊಳಗೆ ಪೂರ್ತಿ ಬರೆದು ಕೊಡಬೇಕು. ಹಲಗೆ, ದೀಪ, ಊಟ ಎಲ್ಲ ನಾವೇ ಹೊತ್ತೊಯ್ಯಬೇಕು.

ನಿನಗೆ ಹೇಗೆ ಹೇಳಲಿ? ನೀನು 'ಆರ್ಕಿಟೆಕ್ಟ್' ಎಂಬ ಶಬ್ದ ಎತ್ತಿದ ಕೂಡಲೇ ಅಮ್ಮ ಅಕ್ಕಪಕ್ಕದವರಿಗೆ ಕೇಳಬಾರದೆಂದು ಕಿಟಕಿ ಹಾಕುತ್ತಿದ್ದಳು.

ವರ್ನಾ

*

ಕ್ಯಾಲ್ಡರ್ ಫಾಲ್ಸ್
1987 ಮಾರ್ಚ್ 21

ಪ್ರೀತಿಯ ಅಪ್ಪ,

ಮೊಣಕಾಲು ವಾಸಿಯಾಗುತ್ತಿರುವುದು ಕೇಳಿ ಸಂತೋಷವಾಯಿತು. ಇಲ್ಲಿ ಎಲ್ಲ ಎಂದಿನಂತೆ. ಹಿಮ ಕರಗಿ ರಸ್ತೆಯೆಲ್ಲ ಕೆಸರು, ನನ್ನ ಕಾರು ಎರಡು ಸಲ ಹೂತುಕೊಂಡಿತು. ಆಫೀಸಿನಲ್ಲಿ ಟೈಪಿಂಗ್ ಸಾಕಷ್ಟಿದೆ. ಜೂನ್‌ನಲ್ಲಿ ಕೆಲಸದ ಮೇಲೆ ನಾಲ್ಕು ದಿನ ಬರ್ಲಿಂಗ್ಟನ್‌ಗೆ ಹೋಗುತ್ತೇನೆ. ಮಿಸೆಸ್ ಕ್ವಿಸ್ಟ್ ಅವರ ಏಣಿಯ ಮೇಲೆ ನೀನು ಹತ್ತಬೇಡ.

ನಿನ್ನ ಮಗಳು,
ವರ್ನಾ

*

ಡೆಸರ್ಟ್ ಬ್ಲೂಮ್
1987 ಮೇ 10

ವರ್ನಾ,

ನೆರಳು ಎದ್ದಿದೆ. ಎಲ್ಲರಿಗೂ ಎಷ್ಟು ಹಿಡಿಸಿತು ಅಂದ್ರೆ ಗಾಳಿ ಬರೋ ಕಡೆ ಒಂದು ಗೋಡೆ ಇರ್ಲಿ ಅಂದ್ರು. ಕಟ್ಟಿದೆ. ಒಂದು ಗೋಡೆ ಇದ್ರೆ ನೋಡೋಕೆ ಚೆನ್ನಾಗಿರಲ್ಲ, ಎರಡನೇದು ಕಟ್ಟಿದೆ. ಆಮೇಲೆ ಓಪಲ್, ಇನ್ನೆರಡು ಗೋಡೆ ಆದರೆ ಶನಿವಾರ ಡ್ಯಾನ್ಸ್ ಮಾಡಬಹುದಲ್ವಾ ಅಂದ್ಲು. ಈಗ ಅದು ನೆರಳಲ್ಲ, ಹಾಲ್. ಎಂಬತ್ತು ಜನ ಹಿಡಿಸುತ್ತೆ. ಬಿಲ್ಲೆ ಆಡೋರು ಮತ್ತೆ ಬಿಸಿಲಿಗೆ ಹೋದ್ರು, ಅವರಿಗೆ ಬೇರೆ ಏನಾದ್ರೂ ಮಾಡಬೇಕು.

ಕಾಲನಿಯಲ್ಲಿ ನನಗೊಂದು ಮರ್ಯಾದೆ ಬಂದಿದೆ. ಏನು ಎತ್ತ ಅಂತ ಈಗ ಬೇಡ.

ನಿನ್ನ ವಿಷಯ. ಟೈಪ್ ಮಾಡೋಳಿಗೆ ಬರ್ಲಿಂಗ್ಟನ್‌ನಲ್ಲಿ ನಾಲ್ಕು ದಿನ ಏನು ಕೆಲಸ? ಅಲ್ಲಿ ಟೈಪ್‌ರೈಟರ್ ಇಲ್ವಾ? ನಾನು ದಡ್ಡ ಅಲ್ಲ. ಯಾರೋ ಇದಾನೆ. ಇದ್ರೆ ಒಳ್ಳೇದೇ, ನಿನಗೆ ನಲವತ್ನಾಲ್ಕು, ನನ್ನ ಅಪ್ಪಣೆ ಯಾಕೆ. ಆದರೆ ಅದು ಸ್ಟ್ರಾಟನ್ ಮಾತ್ರ ಆಗೋದು ಬೇಡ. ಅವನಿಗೆ ಎಪ್ಪತ್ತಾರು. ನನಗಿಂತ ಐದು ವರ್ಷ ದೊಡ್ಡೋನನ್ನ ಅಳಿಯ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ಅಪ್ಪ

*

ಕ್ಯಾಲ್ಡರ್ ಫಾಲ್ಸ್
1987 ಸೆಪ್ಟೆಂಬರ್ 14

ಪ್ರೀತಿಯ ಅಪ್ಪ,

ಬರೆಯಲು ತಡವಾಯಿತು. ಬರ್ಲಿಂಗ್ಟನ್‌ನಲ್ಲಿ ಯಾರೂ ಇಲ್ಲ. ನಿನ್ನ ಅನುಮಾನವನ್ನು ಸ್ಟ್ರಾಟನ್ ಅವರಿಗೆ ಹೇಳಿದೆ. ಅವರು ಒಂದು ದಿನವಿಡೀ ಸೀಟಿ ಹಾಕಿಕೊಂಡು ಓಡಾಡಿದರು.

ಹಿಂದಿನ ಕಾಗದದಲ್ಲಿ 'ಮಿಸೆಸ್ ಕ್ವಿಸ್ಟ್' ಇದ್ದವರು ಈ ಸಲ 'ಓಪಲ್' ಆಗಿದ್ದಾರೆ. ನಾನು ಬರೀ ಗಮನಿಸಿದೆ ಅಷ್ಟೆ.

ನಮ್ಮ ಆಫೀಸಿನ ಒಬ್ಬರು ಆರ್ಕಿಟೆಕ್ಟ್ ಪರೀಕ್ಷೆಗೆ ಕೂತಿದ್ದರು. ಮೊನ್ನೆ ಫಲಿತಾಂಶ ಬಂತು. ಮಿಕ್ಕ ಎಲ್ಲ ಪತ್ರಿಕೆಗಳಲ್ಲಿ ಪಾಸಾಗಿ ಕೊನೆಯ ಹನ್ನೆರಡು ಗಂಟೆಯ ನಕ್ಷೆ ಪತ್ರಿಕೆಯಲ್ಲಿ ಫೇಲಾಗಿದ್ದಾರೆ. ಎರಡು ಅಂತಸ್ತಿನ ಲೈಬ್ರರಿ ಕೇಳಿದ್ದರಂತೆ. ಅವರು ಮೇಲಿನ ಓದುವ ಕೋಣೆಗೆ ಎಷ್ಟು ಚೆಂದದ ಕಿಟಕಿಗಳನ್ನು ಬರೆದರೆಂದರೆ ಮಧ್ಯಾಹ್ನ ಮೂರರವರೆಗೆ ಅದರಲ್ಲೇ ಮುಳುಗಿದ್ದರು. ಕೊನೆಗೆ ಮೇಲಿನ ಅಂತಸ್ತಿಗೆ ಒಂದೇ ಮೆಟ್ಟಿಲುಸಾಲು. ಬೆಂಕಿ ಬಿದ್ದರೆ ಇನ್ನೊಂದು ದಾರಿ ಇಲ್ಲ. ಅದಿಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಫೇಲ್. ಮುಂದಿನ ಜೂನ್‌ವರೆಗೆ ಕಾಯಬೇಕು. ಪಾಪ, ತುಂಬ ನೊಂದುಕೊಂಡಿದ್ದಾರೆ.

ವರ್ನಾ

*

ಡೆಸರ್ಟ್ ಬ್ಲೂಮ್
1987 ಅಕ್ಟೋಬರ್ 6

ವರ್ನಾ,

ಲೈಬ್ರರಿ ಕತೆ ಓದಿ ನಕ್ಕೂ ನಕ್ಕೂ ಕಾಫಿ ಚೆಲ್ಲಿಕೊಂಡೆ. ಕಾಲನಿಯ ಊಟದ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ, ಎಲ್ಲರೂ ನಕ್ಕರು. ಒಂಬತ್ತು ವರ್ಷದ ಮಗೂ ಹಿತ್ತಲ ಬಾಗಿಲು ಬೇಕು ಅನ್ನುತ್ತೆ. ಆ ಮಹಾನುಭಾವನಿಗೆ ನನ್ನ ಕಡೆಯಿಂದ ಹೇಳು, ಬೇಕರಿ ಇಡಲಿ. ಬ್ರೆಡ್ಡಿಗೆ ಮೆಟ್ಟಿಲು ಬೇಕಾಗಲ್ಲ.

ಇನ್ನು ನನ್ನ ವಿಷಯ. ಹೇಳದೆ ವಿಧಿ ಇಲ್ಲ.

ಕಾಲನಿಯಲ್ಲಿ ತಿಂಗಳಿಗೊಂದು ಸುದ್ದಿ ಹಾಳೆ ಬರುತ್ತೆ. ಅದರಲ್ಲಿ 'ನಮ್ಮ ಆರ್ಕಿಟೆಕ್ಟ್ ಆಂಬ್ರೋಸ್ ಪೆಲ್ಕಿ' ಅಂತ ಹಾಕಿದ್ರು. ಹಾಕಿ ಅಂತ ನಾನು ಹೇಳಿರಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ಮೂರು ತಿಂಗಳು ಹಾಗೇ ಬಂತು. ಓಪಲ್ ಒಂದು ಟೋಪಿ ಮೇಲೆ ದಾರದಲ್ಲಿ 'ಆರ್ಕಿಟೆಕ್ಟ್' ಅಂತ ಹೊಲಿದು ಕೊಟ್ಲು. ಹಾಕ್ಕೊಂಡು ಓಡಾಡಿದೆ. ಬೇಸಿಗೆ ಪೂರ್ತಿ. ಯಾಕೆ ಅಂತ ಕೇಳಬೇಡ.

ಹ್ಯಾವರ್ಟಿ ಆ ಹಾಳೆಗಳನ್ನ ಕತ್ತರಿಸಿ ರಾಜ್ಯದ ಬೋರ್ಡಿಗೆ ಕಳಿಸಿದ. ಲೈಸೆನ್ಸ್ ಇಲ್ಲದೆ ಆ ಹೆಸರು ಹೇಳ್ಕೊಳ್ಳೋದು ಅಪರಾಧ ಅಂತ ಬೋರ್ಡಿಂದ ಕಾಗದ ಬಂತು. ಹೆಸರು ಬಿಟ್ಟರೆ ಸುಮ್ಮನಾಗ್ತೀವಿ ಅಂದ್ರು. ಬಿಟ್ಟೆ. ಓಪಲ್ ಟೋಪಿ ಮೇಲಿನ ದಾರ ಎಲ್ಲ ಬಿಚ್ಚಿದ್ಲು. ಆದರೆ ಬಿಸಿಲಿಗೆ ಸುತ್ತ ಬಟ್ಟೆ ಮಾಸಿದೆ, ದಾರ ಇದ್ದ ಕಡೆ ಮಾಸಿಲ್ಲ. ಅಕ್ಷರ ಮೊದಲಿಗಿಂತ ಚೆನ್ನಾಗಿ ಕಾಣ್ಸುತ್ತೆ.

ತೊಂದರೆ ಅದಲ್ಲ. ಎಂಬತ್ತು ಜನ ಸೇರೋ ಹಾಲ್‌ಗೆ ಲೈಸೆನ್ಸ್ ಇರೋ ಆರ್ಕಿಟೆಕ್ಟ್ ನಕ್ಷೆ ಇಲ್ಲದೆ ಬೀಗ ತೆಗೆಯೋ ಹಾಗಿಲ್ಲ. ವಸಂತದೊಳಗೆ ನಕ್ಷೆ ಬರದಿದ್ದರೆ ಕೆಡವಿಸ್ತಾರಂತೆ. ಬಾಗಿಲಿಗೆ ಬೀಗ ಹಾಕಿ ಚೀಟಿ ಅಂಟಿಸಿದಾರೆ. ಮುದುಕರು ದಿನಾ ಬಂದು ಚೀಟಿ ಓದಿ, ನನ್ನ ಮುಖ ನೋಡಿ ಹೋಗ್ತಾರೆ.

ಕ್ಯಾಲೆಂಡರ್ ಹಿಂದುಗಡೆ ಹಾಲ್ ಬರೆದು ಇದರ ಜೊತೆ ಇಟ್ಟಿದೀನಿ. ಸ್ಟ್ರಾಟನ್‌ಗೆ ಒಂದು ಸಲ ತೋರಿಸು. ನಾನು ಕೇಳಿದೆ ಅನ್ನಬೇಡ. ನಿನ್ನ ಬ್ಯಾಗಿಂದ ಜಾರಿ ಬಿತ್ತು ಅನ್ನು.

ಅಪ್ಪ

*

ಕ್ಯಾಲ್ಡರ್ ಫಾಲ್ಸ್
1987 ನವೆಂಬರ್ 20

ಪ್ರೀತಿಯ ಅಪ್ಪ,

ಕ್ಯಾಲೆಂಡರ್ ಬ್ಯಾಗಿನಿಂದ ಜಾರಿ ಬಿತ್ತು. ಆರು ಹಾಳೆ ನಕ್ಷೆ ಇದರೊಂದಿಗಿದೆ. ಆಫೀಸಿನ ಅಭಿಪ್ರಾಯ ಹೀಗಿದೆ.

ಚಾವಣಿಯ ತೊಲೆಗಳು ನಾಲ್ಕಡಿ ಹಿಮ ಹೊರುವಷ್ಟು ದಪ್ಪ ಇವೆ. ಅರಿಜೋನಾದ ಆ ಭಾಗದಲ್ಲಿ ಹಿಮ ಬೀಳುವುದಿಲ್ಲ. ಗೋಡೆಗಳು ಆಫೀಸು ಈವರೆಗೆ ನೋಡಿದವುಗಳಲ್ಲೇ ನೇರವಾದವು ಇರಬೇಕು ಎಂದು ಅಳತೆಗಳಿಂದ ತೋರುತ್ತದೆ.

ಹಾಲಿಗೆ ಒಂದೇ ಬಾಗಿಲಿದೆ. ಎಂಬತ್ತು ಜನ, ಅದರಲ್ಲಿ ಅರ್ಧ ಜನ ಕೋಲು ಹಿಡಿದವರು. ಅಡುಗೆ ಒಲೆ ಇರುವುದು ಆ ಒಂದು ಬಾಗಿಲ ಪಕ್ಕದಲ್ಲೇ. ಪೂರ್ವದ ಗೋಡೆಯಲ್ಲಿ ಇನ್ನೊಂದು ಬಾಗಿಲು ತೆಗೆಯಲೇಬೇಕು. ಎಲ್ಲಿ, ಹೇಗೆ, ಮೇಲಿನ ಇಟ್ಟಿಗೆ ಕುಸಿಯದಂತೆ ಯಾವ ಸಾಲಿನಿಂದ ಬಿಚ್ಚಬೇಕು ಎಂಬುದು ನಾಲ್ಕನೆಯ ಹಾಳೆಯಲ್ಲಿದೆ.

ಈ ನಕ್ಷೆಗೆ ಅರಿಜೋನಾದಲ್ಲಿ ಬೆಲೆ ಇಲ್ಲ. ಅಲ್ಲಿಯ ಲೈಸೆನ್ಸ್ ಇರುವವರು ಸ್ಥಳಕ್ಕೆ ಬಂದು ನೋಡಿ, ಜವಾಬ್ದಾರಿ ಹೊತ್ತು ತಾವೇ ಬರೆದು ಮೊಹರು ಹಾಕಬೇಕು. ಅವರಿಗೆ ಇದನ್ನು ತೋರಿಸು, ಕೆಲಸ ಹಗುರಾಗುತ್ತದೆ.

ಬೇಕರಿಯ ಸಲಹೆಯನ್ನು ತಲುಪಿಸಿದ್ದೇನೆ.

ವರ್ನಾ

*

ಡೆಸರ್ಟ್ ಬ್ಲೂಮ್
1987 ಡಿಸೆಂಬರ್ 12

ವರ್ನಾ,

ಮೊದಲು ಬೈದುಬಿಡ್ತೀನಿ. ತೊಲೆ ದಪ್ಪ ಇದ್ರೆ ಸ್ಟ್ರಾಟನ್‌ಗೆ ಏನು ಕಷ್ಟ? ಐವತ್ತು ವರ್ಷ ಹಿಮಕ್ಕೆ ಕಟ್ಟಿದ ಕೈ, ಮರಳುಗಾಡು ಅಂದ ತಕ್ಷಣ ಸಣ್ಣದು ಮಾಡು ಅಂದ್ರೆ ಕೇಳುತ್ತಾ. ಇನ್ನು ನನ್ನ ಗೋಡೇಲಿ ತೂತು ಹೊಡೀಬೇಕಂತೆ. ಎರಡು ದಿನ ಆ ಹಾಳೆಗಳನ್ನ ಫ್ರಿಜ್ ಮೇಲೆ ಎಸೆದಿದ್ದೆ.

ಮೂರನೇ ದಿನ ನಾಲ್ಕನೇ ಹಾಳೆ ತೆಗೆದು ನೋಡಿದೆ.

ಈಗ ಬರೆಯೋದು ಅವನಿಗೆ ಹೇಳಬೇಡ, ತಲೆ ತಿರುಗುತ್ತೆ. ಇಂಥ ಹಾಳೆ ನಾನು ಜನ್ಮದಲ್ಲಿ ನೋಡಿಲ್ಲ. ಇಟ್ಟಿಗೆ ಯಾವ ಸಾಲಿಂದ ಬಿಚ್ಚಬೇಕು, ಕೈ ಎಲ್ಲಿ ಹಾಕಬೇಕು, ಬಿಚ್ಚೋವಾಗ ಮೇಸ್ತ್ರಿ ಎಲ್ಲಿ ನಿಂತ್ಕೋಬೇಕು ಅನ್ನೋ ತನಕ ಬರೆದಿದಾನೆ. ಮೇಸ್ತ್ರಿಗೂ ಒಂದು ಮೈ ಇರುತ್ತೆ ಅಂತ ಗೊತ್ತಿರೋ ಆರ್ಕಿಟೆಕ್ಟ್ ಇವನೊಬ್ಬನೇ. ಇವನು ಯಾವಾಗ್ಲೋ ಗಾರೆ ಹೊತ್ತಿರಬೇಕು. ಯಾರ ಕೈಕೆಳಗೆ ಕಲಿತ ಅಂತ ಕೇಳು. ಆ ಮೇಸ್ತ್ರಿ ಬದುಕಿದ್ರೆ ಕೈ ಕುಲುಕಬೇಕು.

ಬಾಗಿಲ ವಿಷಯ. ಲೈಬ್ರರಿ ಮಹಾನುಭಾವನನ್ನ ನೋಡಿ ನಕ್ಕೆ. ನನ್ನ ಹಾಲಿಗೂ ಒಂದೇ ಬಾಗಿಲು. ಇದನ್ನ ಊಟದ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿಲ್ಲ.

ಅಪ್ಪ

*

ಕ್ಯಾಲ್ಡರ್ ಫಾಲ್ಸ್
1988 ಜನವರಿ 4

ಪ್ರೀತಿಯ ಅಪ್ಪ,

ನಿನ್ನ ಹೊಗಳಿಕೆಯನ್ನು ಸೇರಬೇಕಾದವರಿಗೆ ಸೇರಿಸಿದೆ. ಅವರು ಅದನ್ನು ಏಳೆಂಟು ಸಲ ಓದಿದರು. ಮೇಸ್ತ್ರಿ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ, ಬನಿಯನ್ ಹಾಕಿಕೊಂಡು ತಿರುಗುತ್ತಾರೆ ಎಂದು ಹೇಳಿದರು.

ವರ್ನಾ

*

ಡೆಸರ್ಟ್ ಬ್ಲೂಮ್
1988 ಜನವರಿ 30

ವರ್ನಾ,

ನಿನ್ನ ಕಾಗದದಲ್ಲಿ ಏನೋ ತಮಾಷೆ ಇದೆ ಅಂತ ಗೊತ್ತಾಯ್ತು, ತಮಾಷೆ ಗೊತ್ತಾಗಲಿಲ್ಲ. ಮೇಜಿನ ಮೇಲೆ ಇಟ್ಟಿದ್ದೆ. ಓಪಲ್ ಕಾಫಿಗೆ ಬಂದ್ಲು. ನಿನ್ನ ಲಕೋಟೆ ತಗೊಂಡು ನಕ್ಷೆ ಪಕ್ಕ ಇಟ್ಟು, "ಆಂಬ್ರೋಸ್, ಈ ಏಳರ ಅಂಕಿ ನೋಡು, ಆ ಏಳರ ಅಂಕಿ ನೋಡು" ಅಂದ್ಲು. ಎರಡರ ಹೊಟ್ಟೆ ಮೇಲೂ ಅಡ್ಡಗೀಟು. ಅಂಕಿಗಳನ್ನ ಮಾತ್ರ ವರ್ನಾ ತುಂಬಿರ್ತಾಳೆ ಅಂದೆ. ಗೆರೆ? ಅಂದ್ಲು. ಗೆರೆಗೆ ಕೈಬರಹ ಇರುತ್ತಾ ಅಂದೆ. ನಿನಗೇ ಗೊತ್ತಿದೆಯಲ್ಲ ಅಂತ ಹೇಳಿ ಕಾಫಿ ಕುಡಿದು ಹೋದ್ಲು.

ಮೂರು ವಾರದಿಂದ ಅವಳ ಜೊತೆ ವಾದ ಮಾಡ್ತಿದೀನಿ. ನಿನ್ನ ಬಾಯಿಂದಲೇ ಬರ್ಲಿ. ಈ ನಕ್ಷೆ ಬರೆದದ್ದು ಯಾರು?

ಅಪ್ಪ

*

ಕ್ಯಾಲ್ಡರ್ ಫಾಲ್ಸ್
1988 ಫೆಬ್ರವರಿ 9

ಅಪ್ಪ,

ನಾನು.

ಹೋದ ಮಾರ್ಚ್‌ನಲ್ಲಿ ನಿನಗೊಂದು ಕಾಗದ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಅದನ್ನೇ ಮತ್ತೆ ಬರೆಯುವಷ್ಟು ಧೈರ್ಯ ಇಲ್ಲ.

ಲೈಬ್ರರಿಯೂ ನನ್ನದೇ. ಜೂನ್‌ನಲ್ಲಿ ಮತ್ತೆ ಪರೀಕ್ಷೆಗೆ ಕೂರುತ್ತೇನೆ. ಸ್ಟ್ರಾಟನ್ ಅವರಿಗೆ ಕಣ್ಣು ಮಂಜಾಗುತ್ತಿದೆ. ವರ್ಷದ ಕೊನೆಗೆ ಆಫೀಸು ನಿಲ್ಲಿಸುತ್ತಾರೆ. ನಾನು ಪಾಸಾದರೆ ನನಗೇ ಬಿಟ್ಟುಕೊಡುತ್ತಾರೆ. ಇಲ್ಲದಿದ್ದರೆ ಬಾಗಿಲು ಮುಚ್ಚುತ್ತಾರೆ. ನನಗಾಗ ನಲವತ್ತೈದು, ಮತ್ತೆ ಯಾರ ಆಫೀಸಿನಲ್ಲೋ ಟೈಪ್ ಮಾಡಬೇಕು.

ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ಕ್ಷಮಿಸು.

ವರ್ನಾ

*

ಕ್ಯಾಲ್ಡರ್ ಫಾಲ್ಸ್
1988 ಏಪ್ರಿಲ್ 17

ಅಪ್ಪ,

ಹತ್ತು ವಾರವಾಯಿತು. ನಿನಗೆ ಸಿಟ್ಟು ಬಂದಿರುವುದು ನ್ಯಾಯವೇ. ಆದರೆ ಸಿಟ್ಟು ಬಂದಾಗ ನೀನು ಯಾವತ್ತೂ ಸುಮ್ಮನಿದ್ದವನಲ್ಲ. ಅದಕ್ಕೇ ನನಗೆ ಭಯ. ಮೈಯಲ್ಲಿ ಹುಷಾರಿದ್ದೀಯಾ ಎಂದಾದರೂ ಒಂದು ಸಾಲು ಬರೆ. ಬೇಕಿದ್ದರೆ ಬೈದೇ ಬರೆ.

ವರ್ನಾ

*

ಡೆಸರ್ಟ್ ಬ್ಲೂಮ್
1988 ಮೇ 22

ವರ್ನಾ,

ಸಿಟ್ಟಲ್ಲ. ನಾಚಿಕೆ.

ಹನ್ನೊಂದು ಸಲ ಬರೆಯೋಕೆ ಕೂತೆ. ಪ್ರತಿ ಸಲ ಆ ಬೇಕರಿ ಮಾತು ನೆನಪಾಗೋದು. ಪಾಪ ನೊಂದ್ಕೊಂಡಿದಾರೆ ಅಂತ ನೀನು ಬರೆದಿದ್ದೆ. ನಾನದನ್ನ ನಲವತ್ತು ಜನಕ್ಕೆ ಓದಿ ನಗಿಸಿದೆ. ಆಮೇಲೆ ಊಟದ ಮನೇಲಿ ಎದ್ದು ನಿಂತು, ಆ ಲೈಬ್ರರಿ ಬರೆದದ್ದು ನನ್ನ ಮಗಳು ಅಂತ ಹೇಳಿದೆ. ಹ್ಯಾವರ್ಟಿ ಒಬ್ಬ, ಅದರ ಕಿಟಕಿ ಹೇಗಿತ್ತು ಅಂತ ಕೇಳಿದ. ನಿಜವಾಗ್ಲೂ ತಿಳ್ಕೊಳ್ಳೋಕೇ ಕೇಳಿದ. ನನಗೆ ಗೊತ್ತಿರಲಿಲ್ಲ. ನೀನು ಬರೆದಿದ್ದ ಒಂದು ಸಾಲು ಬಿಟ್ಟರೆ ನಿನ್ನ ಕಿಟಕಿ ಬಗ್ಗೆ ನನಗೇನೂ ಗೊತ್ತಿಲ್ಲ.

ಐವತ್ತೊಂದರ ಚಿಮಣಿ ವಿಷಯದಲ್ಲಿ ನಾನು ಯಾರಿಗೂ ಹೇಳದ ಒಂದು ಮಾತಿದೆ. ತಪ್ಪಿದೆ ಅಂತ ಬರೀ ಬಾಯಲ್ಲಿ ಹೇಳಿರಲಿಲ್ಲ. ಎರಡು ಸಂಜೆ ಕೂತು ಸರಿ ಮಾಡೋದು ಹೇಗೆ ಅಂತ ಬರೆದು ತಗೊಂಡು ಹೋಗಿದ್ದೆ. ಅವನು ಹಾಳೆ ನೋಡಲಿಲ್ಲ, ನನ್ನ ಬೂಟ್ಸ್ ನೋಡಿದ. ಕಾರ್ಪೆಟ್ ಮೇಲೆ ಕೆಸರಾಗಿತ್ತು. ಅವತ್ತಿಂದ ನಾನು ಪೂರ್ತಿ ಜಾತಿಯನ್ನೇ ಬೈದೆ. ಅದು ಸುಲಭ ಇತ್ತು. ಮನೇಲಿ ಒಬ್ಬಳು ಕೇಳಿಸ್ಕೊಂಡು ಬೆಳೀತಿದಾಳೆ ಅಂತ ಹೊಳೆಯಲಿಲ್ಲ.

ಈಗ ಪರೀಕ್ಷೆ. ನನಗೆ ಗೊತ್ತಿರೋದು ಒಂದೇ, ಅದನ್ನ ಹೇಳ್ತೀನಿ. ಬರೆದಾದ ಮೇಲೆ ಚೆಂದ ಇದೆಯಾ ಅಂತ ನೋಡಬೇಡ. ಒಳಗೆ ನಡಿ. ನನ್ನಂಥ ಮೊಣಕಾಲು ನೋವಿನೋನು ಆಗಿ ಒಂದ್ಸಲ ನಡಿ. ಕೈಯಲ್ಲಿ ಮಗು ಎತ್ಕೊಂಡು ಒಂದ್ಸಲ. ಹೊಗೆ ತುಂಬಿ ಕಣ್ಣು ಕಾಣದ ಹಾಗೆ ಒಂದ್ಸಲ. ಮೂರು ಸಲವೂ ಆಚೆ ಬಂದರೆ ಮಾತ್ರ ಹಾಳೆ ಕೊಡು.

ಹಾಲಿಗೆ ರೆನಾಟಾ ಒಚೋವಾ ಅಂತ ಇಲ್ಲಿಯ ಹುಡುಗಿ ಆರ್ಕಿಟೆಕ್ಟ್ ಬಂದಿದ್ಲು. ಪ್ರತಿ ಗೋಡೆಗೂ ದಾರದಲ್ಲಿ ತೂಕದ ಗುಂಡು ಇಳಿಬಿಟ್ಟು ನೇರ ಇದೆಯಾ ಅಂತ ನೋಡಿ, ತಾನೇ ನಕ್ಷೆ ಬರೆದ್ಲು. ನಿನ್ನ ನಾಲ್ಕನೇ ಹಾಳೆ ನೋಡಿ ಇದು ಯಾರ ಆಫೀಸಿಂದ ಅಂತ ಕೇಳಿದ್ಲು. ಹೇಳಿದೆ. ಯಾವ ಕಾಲೇಜು ಅಂದ್ಲು. ನನ್ನ ಹಿತ್ತಲು ಅಂದೆ.

ಅಪ್ಪ

*

ಕ್ಯಾಲ್ಡರ್ ಫಾಲ್ಸ್
1988 ಸೆಪ್ಟೆಂಬರ್ 19

ಪ್ರೀತಿಯ ಅಪ್ಪ,

ಪಾಸು.

ಈ ಸಲ ಅಗ್ನಿಶಾಮಕ ಠಾಣೆ ಕೇಳಿದ್ದರು. ಕೆಳಗೆ ಗಾಡಿಗಳು, ಮೇಲೆ ಸಿಬ್ಬಂದಿ ಮಲಗುವ ಕೋಣೆ. ಸಂಜೆ ಐದಕ್ಕೆ ಬರೆದು ಮುಗಿಸಿ ನೀನು ಹೇಳಿದಂತೆ ಒಳಗೆ ನಡೆದೆ. ನಿನ್ನಂತೆ ಮೊಣಕಾಲು ನೋವಿನಲ್ಲಿ ನಡೆಯುವಾಗ ಮೆಟ್ಟಿಲು ಕಡಿದಾಯಿತು ಎನಿಸಿತು, ಅಳಿಸಿ ಮತ್ತೆ ಬರೆದೆ. ಕರೆ ಬಂದಾಗ ಸಿಬ್ಬಂದಿ ಮೇಲಿನಿಂದ ಕಂಬ ಹಿಡಿದು ಕೆಳಗೆ ಜಾರುವುದನ್ನು ನಾನು ದಾರಿ ಎಂದು ಲೆಕ್ಕ ಹಿಡಿಯಲಿಲ್ಲ. ಬೇರೆಯಾಗಿ ಎರಡು ಮೆಟ್ಟಿಲುಸಾಲು ಇಟ್ಟೆ. ಪಕ್ಕದ ಮೇಜಿನ ಯುವಕ ಕಂಬವನ್ನು ಮಾತ್ರ ನಂಬಿಕೊಂಡಿದ್ದ. ಅವನ ಬಗ್ಗೆ ನಾನು ನಗುವುದಿಲ್ಲ.

ಫಲಿತಾಂಶದ ಕಾಗದ ಓದುವಷ್ಟು ಸ್ಟ್ರಾಟನ್ ಅವರಿಗೆ ಕಣ್ಣಿಲ್ಲ. ನಾನು ಓದಿ ಹೇಳಿದೆ. ಎರಡನೆಯ ಸಲ ಓದಿಸಿಕೊಂಡರು. ಆಮೇಲೆ ಹೋಗಿ ನನ್ನ ಹಳೆಯ ಟೈಪ್‌ರೈಟರ್ ಮೇಲೆ ಬಟ್ಟೆ ಹೊದಿಸಿ ಬಂದರು.

ಲೈಸೆನ್ಸ್ ನಮ್ಮ ರಾಜ್ಯಕ್ಕೆ ಮಾತ್ರ. ಪದವಿ ಇಲ್ಲದವರನ್ನು ಎಲ್ಲ ರಾಜ್ಯಗಳೂ ಒಪ್ಪುವುದಿಲ್ಲ. ಹಾಗಾಗಿ ಗಡಿ ದಾಟಿದ ಕೂಡಲೇ ನಾನು ಮತ್ತೆ ನಿನ್ನ ಮಗಳು ಅಷ್ಟೆ.

ವರ್ನಾ

*

ಡೆಸರ್ಟ್ ಬ್ಲೂಮ್
1988 ಅಕ್ಟೋಬರ್ 11

ವರ್ನಾ,

ನಿನ್ನ ಕಾಗದವನ್ನ ಊಟದ ಮನೇಲಿ ಓದಿದೆ. ಮೊದಲ ಪದ ಓದಿ ಕಾಗದ ಓಪಲ್ ಕೈಗೆ ಕೊಟ್ಟೆ, ಉಳಿದದ್ದನ್ನ ಅವಳು ಓದಿದ್ಲು. ಹಾಲ್ ಬೀಗ ಹೋದ ತಿಂಗಳೇ ತೆಗೆದ್ರು. ಶನಿವಾರ ಡ್ಯಾನ್ಸ್ ನಡೀತಿದೆ. ತೊಲೆ ಬಗ್ಗೆ ಯಾರೂ ದೂರು ಹೇಳಿಲ್ಲ.

ಈಗ ಒಂದು ಗಿರಾಕಿ ಕೆಲಸ. ನನ್ನ ಟ್ರೇಲರ್‌ಗೂ ಪಕ್ಕದ ಟ್ರೇಲರ್‌ಗೂ ಮಧ್ಯೆ ಹದಿನಾಲ್ಕು ಅಡಿ ಜಾಗ ಸುಮ್ಮನೆ ಬಿದ್ದಿದೆ. ಅಲ್ಲೊಂದು ಕೋಣೆ, ಒಂದು ಬಚ್ಚಲು ಬೇಕು. ಎರಡೂ ಕಡೆಗೆ ಹೊಂದಿಕೊಳ್ಳೋ ಹಾಗೆ. ಒಚೋವಾನ ಕೇಳಿದೆ, ಇಷ್ಟು ಸಣ್ಣದಕ್ಕೆ ಲೈಸೆನ್ಸ್ ಬೇಡ, ಯಾರು ಬೇಕಾದ್ರೂ ಬರೀಬಹುದು ಅಂದ್ಲು. ನೀನು ಬರಿ.

ಅಪ್ಪ

*

ಕ್ಯಾಲ್ಡರ್ ಫಾಲ್ಸ್
1988 ಅಕ್ಟೋಬರ್ 24

ಪ್ರೀತಿಯ ಅಪ್ಪ,

ಕೆಲಸ ಒಪ್ಪಿಕೊಂಡಿದ್ದೇನೆ. ಯಾವ ಗಿರಾಕಿಗಾದರೂ ಪೆನ್ಸಿಲ್ ಹಿಡಿಯುವ ಮುಂಚೆ ಕೆಲವು ಪ್ರಶ್ನೆ ಕೇಳುವುದು ಆಫೀಸಿನ ಪದ್ಧತಿ. ಕೋಣೆಯಲ್ಲಿ ಏನೇನು ಇಡಬೇಕು? ಬೆಳಗಿನ ಬಿಸಿಲು ಬೇಕೋ, ಸಂಜೆಯದೋ? ಬೆಳಗ್ಗೆ ಬಚ್ಚಲನ್ನು ಬಳಸುವವರು ಎಷ್ಟು ಜನ?

ವರ್ನಾ

*

ಡೆಸರ್ಟ್ ಬ್ಲೂಮ್
1988 ನವೆಂಬರ್ 5

ವರ್ನಾ,

ಕೋಣೆಯಲ್ಲಿ ಸಾಮಾನು ಇಡ್ತೀನಿ. ಏಣಿ ಗೀಣಿ. ಬಿಸಿಲು ಬೆಳಗಿಂದು. ಬಚ್ಚಲು ಅಂದ್ರೆ ಬಚ್ಚಲು, ಅದಕ್ಕೆ ಜನಗಣತಿ ಯಾಕೆ.

ಅಪ್ಪ

*

ಕ್ಯಾಲ್ಡರ್ ಫಾಲ್ಸ್
1988 ನವೆಂಬರ್ 14

ಅಪ್ಪ,

ಏಣಿಗೆ ಬೆಳಗಿನ ಬಿಸಿಲು ಕೇಳಿದ ಗಿರಾಕಿ ನನಗೆ ಈವರೆಗೆ ಸಿಕ್ಕಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಬರುವವರೆಗೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ.

ವರ್ನಾ ಪೆಲ್ಕಿ, ಆರ್ಕಿಟೆಕ್ಟ್
(ವರ್ಮಾಂಟ್‌ನಲ್ಲಿ ಮಾತ್ರ)

*

ಡೆಸರ್ಟ್ ಬ್ಲೂಮ್
1988 ನವೆಂಬರ್ 23

ಇಬ್ಬರು.

ಓಪಲ್‌ಗೆ ಬೆಳಗ್ಗೆ ಮುಕ್ಕಾಲು ಗಂಟೆ ಬೇಕು. ಅದಕ್ಕೆ ತಕ್ಕ ಹಾಗೆ ಬರಿ.

ಅಪ್ಪ